ಒಂದು ಬೈಟ್ ಪಕ್ಕಕ್ಕೆ ಸರಿದರೆ

ಗಾಡಿಯ ವೀಲ್ ಅಲೈನ್‌ಮೆಂಟ್ ಎಲ್ಲರಿಗೂ ಗೊತ್ತು. ಮೆಮೊರಿಗೂ ಅಂಥದ್ದೊಂದು ಇದೆ ಅಂತ ಗೊತ್ತಾಗುವುದು ಫ್ಲ್ಯಾಶ್ ಡ್ರೈವರ್ (ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಮೆಮೊರಿಯನ್ನು ನಡೆಸುವ ಕೋಡ್) ಬರೆಯೋಕೆ ಕೂತು ಪೆಟ್ಟು ತಿಂದ ಮೇಲೆ. ಲೆಕ್ಕ ಸುಲಭ: 4 ಬೈಟ್‌ನ ಸಂಖ್ಯೆ 4ರಿಂದ ಭಾಗವಾಗುವ ಅಡ್ರೆಸ್‌ನಲ್ಲೇ ಶುರುವಾಗಬೇಕು. 100 ಸರಿ, 101 ತಪ್ಪು.

ತಕರಾರು ಹಳೆಯದು. 1964ರ ಐಬಿಎಂ ಸಿಸ್ಟಂ/360 ಕಂಪ್ಯೂಟರ್ ಈ ನಿಯಮ ಮುರಿಯಲು ಬಿಡುತ್ತಿರಲಿಲ್ಲ. 1979ರ ಮೊಟೊರೋಲಾ 68000 ಚಿಪ್‌ನಲ್ಲಿ ಬೆಸ ಅಡ್ರೆಸ್‌ನಿಂದ 2 ಬೈಟ್ ಒಟ್ಟಿಗೆ ಓದಿದರೆ ತಕ್ಷಣ ಎರರ್. ಇಂಟೆಲ್‌ನ 8086 ಮಾತ್ರ ಏನು ಕೊಟ್ಟರೂ ತೆಗೆದುಕೊಂಡಿತು. ಅದೇ ವಂಶದ ಚಿಪ್ ಇರುವ ಪಿಸಿಯಲ್ಲಿ ಕೋಡ್ ಕಲಿತವರಿಗೆ ಅಲೈನ್‌ಮೆಂಟ್ ಅಂದರೆ ತಲೆಗೇ ಬರದಿರುವುದು ಇದಕ್ಕೇ.

ಕೂಗಾಡುವ ಚಿಪ್‌ಗಳೇ ವಾಸಿ. ಹಳೆಯ ಮೊಬೈಲ್‌ಗಳಲ್ಲಿದ್ದ ಆರ್ಮ್7 ಕೂಗುತ್ತಲೇ ಇರಲಿಲ್ಲ. 100ರಿಂದ 104ರವರೆಗೆ 11, 22, 33, 44, 55 ಇವೆ ಅಂದುಕೊಳ್ಳಿ. 101ರಿಂದ 4 ಬೈಟ್ ಓದಿದರೆ 22, 33, 44, 55 ಸಿಗಬೇಕು, ಅಲ್ವಾ? ಅದು ಕೊಡುತ್ತಿದ್ದದ್ದು 22, 33, 44, 11. 100ರಿಂದಲೇ ಓದಿ, ಸುಮ್ನೆ ತಿರುಗಿಸಿ ಕೈಗಿಡುತ್ತಿತ್ತು. ಮೂರು ಬೈಟ್ ಸರಿ, ಒಂದು ತಪ್ಪು. ಹುಡುಕಿ ನೋಡೋಣ!

ಆರ್ಮ್‌ನದೇ ಆಮೇಲಿನ ಚಿಪ್ ಕಾರ್ಟೆಕ್ಸ್-ಎಂ3 ಇಂಥ ಓದನ್ನು ನಿಭಾಯಿಸುತ್ತದೆ. ಅಗ್ಗದ ಎಂ0 ಹಾರ್ಡ್‌ಫಾಲ್ಟ್ ಎಂಬ ಎರರ್ ಕೊಟ್ಟು ನಿಂತುಬಿಡುತ್ತದೆ. ಎಂ3ಯಲ್ಲೂ ಒಂದು ಮೋಸವಿದೆ. ಬೈಟ್ ಬಫರ್‌ನ ಪಾಯಿಂಟರ್ (ಅದರ ಅಡ್ರೆಸ್) ಅನ್ನು 32 ಬಿಟ್, ಅಂದರೆ 4 ಬೈಟ್ ಸಂಖ್ಯೆಯ ಪಾಯಿಂಟರ್ ಅಂತ ಕಾಸ್ಟ್ ಮಾಡಿ ಕಂಪೈಲರ್‌ಗೆ ನಂಬಿಸಿರುತ್ತೇವೆ. ದೋಷ ಹುಡುಕಲು ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಕೋಡ್ ಚುರುಕಾಗಲಿ ಅಂತ ಆಪ್ಟಿಮೈಸೇಶನ್ ಹಾಕಿದ ಕೂಡಲೇ ಕಂಪೈಲರ್ ಎರಡು ಓದುಗಳನ್ನು ಸೇರಿಸಿ ಒಂದೇ ಜೋಡಿ ಇನ್‌ಸ್ಟ್ರಕ್ಷನ್ ಮಾಡಬಹುದು. ಅದಕ್ಕೆ ಅಲೈನ್‌ಮೆಂಟ್ ಬೇಕೇ ಬೇಕು. ಪತ್ತೆ ಮಾಡೋಕೆ ಒಂದು ವೇರಿಯಬಲ್ ಸೇರಿಸಿದರೆ ಬಫರ್ ಜರುಗಿ ದೋಷವೇ ಮಾಯ! ಬೈಟ್‌ಗಳನ್ನು ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್‌ನಿಂದ ಒಂದು ಸ್ಥಳೀಯ ವೇರಿಯಬಲ್‌ಗೆ ನಕಲು ಮಾಡಿಕೊಂಡರೆ ಈ ಕಾಟವಿಲ್ಲ.

ಇದು ಓದುವ ಕಡೆಯ ಕಥೆ. ಬರೆಯುವ ಕಡೆ ಫ್ಲ್ಯಾಶ್‌ಗೆ ತನ್ನದೇ ಅಳತೆ ಇದೆ, ಅದು ಚಿಪ್‌ನಿಂದ ಚಿಪ್‌ಗೆ ಬೆಳೆಯುತ್ತಲೇ ಬಂದಿದೆ. ಎಸ್‌ಟಿಎಂ32 ಎಂಬ ಚಿಪ್ ಕುಟುಂಬದಲ್ಲಿ ಎಫ್1 ಒಮ್ಮೆಗೆ 2 ಬೈಟ್ ಬರೆಯುತ್ತದೆ. ಎಲ್4ಗೆ 8 ಬೇಕು. ಎಚ್743ಗೆ 32. ನಿಮ್ಮ 13 ಬೈಟ್‌ನ ದಾಖಲೆ ಮೊದಲನೆಯದರಲ್ಲಿ 14 ಬೈಟ್ ಹಿಡಿದರೆ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ಎಫ್1ಗೆ ಬರೆದ ಡ್ರೈವರ್ ಅನ್ನು ಹಾಗೇ ಎತ್ತಿ ಎಲ್4ಗೆ ಹಾಕಿದರೆ ನಡೆಯದು. ಅದಕ್ಕೇ ಪುಟ್ಟ ಚಿಪ್‌ಗಳ ಮೇಲೆ ಓಡುವ ಜೆಫಿರ್‌ನಂಥ ಆಪರೇಟಿಂಗ್ ಸಿಸ್ಟಂಗಳಲ್ಲಿ ಬರೆಯುವ ತುಂಡು ಎಷ್ಟು ದೊಡ್ಡದು ಅಂತ ಡ್ರೈವರೇ ಹೇಳುತ್ತದೆ.

ಅಳತೆ ಹೀಗೆ ಬೆಳೆಯಲು ದೊಡ್ಡ ಕಾರಣ ದೋಷ ತಿದ್ದುವ ಇಸಿಸಿ. ಎಲ್4ನಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಇಸಿಸಿ ಅಂಟಿಕೊಂಡಿರುತ್ತದೆ. ತುಂಡಿನ ಒಂದು ಭಾಗವನ್ನಷ್ಟೇ ಆಮೇಲೆ ಬದಲಿಸಿದರೆ ಆ 8 ಬಿಟ್ ತಾಳೆಯಾಗುವುದಿಲ್ಲ. ನಾರ್ ಎಂಬ ಬಗೆಯ ಹಳೆಯ ಫ್ಲ್ಯಾಶ್‌ನಲ್ಲಿ ಅಳಿಸಿದ ಬಿಟ್‌ಗಳೆಲ್ಲ 1, ಅಂದರೆ 1 ಎಂದರೆ ಖಾಲಿ. ಉಳಿದ ಜಾಗವನ್ನು 1ರಿಂದಲೇ ತುಂಬಿಟ್ಟು ನಾಳೆ ಬಂದು ಬರೆಯುವ ಉಪಾಯ ಅಲ್ಲಿ ನಡೆಯುತ್ತಿತ್ತು. ಎಲ್4ನಲ್ಲಿ 5 ಬೈಟ್ ಬರೆದು 3 ಬೈಟ್ ಹಾಗೇ ಬಿಟ್ಟರೆ, ಓದಿ ನೋಡಿದಾಗ ಆ ಮೂರೂ ಖಾಲಿಯೇ ಕಾಣುತ್ತವೆ. ಬರೆಯೋಕೆ ಹೋದರೆ ಪ್ರೋಗ್ರಾಮಿಂಗ್ ಎರರ್. ಪೇಜ್ ಪೂರ್ತಿ, ಅಂದರೆ 2 ಕಿಲೋಬೈಟ್, ಅಳಿಸುವವರೆಗೂ ಅವು ಸಿಗುವುದಿಲ್ಲ.