ಚೆಂಡು ಎಷ್ಟು ಹೊತ್ತು ನಿಂತಿತ್ತು?

ಬ್ಯಾಸ್ಕೆಟ್‌ಬಾಲ್ ಚರ್ಚೆಗಳಲ್ಲಿ ಒಂದು ಲೆಕ್ಕ ಬೇರೂರಿಬಿಟ್ಟಿದೆ: ಪಾಸ್ ಜಾಸ್ತಿ ಮಾಡುವ ತಂಡ ನಿಸ್ವಾರ್ಥ, ಒಬ್ಬನೇ ಡ್ರಿಬಲ್ ಮಾಡಿ (ಚೆಂಡು ಪುಟಿಸುತ್ತ ಸಾಗಿ) ಶಾಟ್ ಹೊಡೆಯುವ ತಂಡ ಸ್ವಾರ್ಥಿ. ಪಂದ್ಯದ ವಿಡಿಯೊವನ್ನು ಒಂದೊಂದೇ ಪೊಸೆಷನ್ (ಚೆಂಡು ಒಂದು ತಂಡದ ವಶದಲ್ಲಿರುವ ಒಂದು ಸರದಿ) ಬಿಡಿಸಿ ನೋಡಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಚೆಯಿಂದ ಹೊಡೆದರೆ ಮೂರು ಅಂಕ ಸಿಗುವ ಥ್ರೀ ಪಾಯಿಂಟ್ ಗೆರೆಯ ಸುತ್ತ ಆರು ಪಾಸ್ ಆದಮೇಲೂ ಎದುರಾಳಿಯ ಐವರು ತಮ್ಮ ತಮ್ಮ ಜಾಗದಲ್ಲೇ ಇದ್ದರೆ, ಆ ಪಾಸ್‌ಗಳಿಂದ ಆದದ್ದು ಹತ್ತು ಹನ್ನೆರಡು ಸೆಕೆಂಡ್ ಖರ್ಚು, ಅಷ್ಟೆ. ಪಾಸ್ ಒಂದರಿಂದಲೇ ಅವಕಾಶ ಹುಟ್ಟುವುದು ಅಪರೂಪ. ಹುಟ್ಟಿದ ಅವಕಾಶ ಕೆಡದಂತೆ ನೋಡಿಕೊಳ್ಳುವುದು, ಅದನ್ನು ಇನ್ನಷ್ಟು ದೊಡ್ಡದು ಮಾಡುವುದು ಪಾಸ್‌ನ ಕೆಲಸ. ಮೊದಲು ಯಾರಾದರೊಬ್ಬರು ಇಬ್ಬರು ಡಿಫೆಂಡರ್‌ಗಳನ್ನು ತಮ್ಮತ್ತ ಎಳೆಯಬೇಕು. ಸ್ಟಾರ್ ಆಟಗಾರನಿಗೆ ಕೋಟಿಗಟ್ಟಲೆ ಸಂಬಳ ಸಿಗುವುದು ಮುಖ್ಯವಾಗಿ ಈ ಎಳೆಯುವ ಶಕ್ತಿಗೆ.

ಒಂದು ಪೊಸೆಷನ್ ತೆಗೆದುಕೊಳ್ಳೋಣ. ಶಾಟ್ ಹೊಡೆಯಲು ಇರುವ ಗಡುವಿನ ಗಡಿಯಾರ, ಅಂದರೆ ಶಾಟ್ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಿದೆ. ಮಧ್ಯದಲ್ಲಿ ಪಿಕ್ ಅಂಡ್ ರೋಲ್: ಸೆಂಟರ್ ಡಿಫೆಂಡರ್‌ನ ದಾರಿಗೆ ಅಡ್ಡ ನಿಂತು ಸ್ಕ್ರೀನ್ ಹಾಕುತ್ತಾನೆ. ಚೆಂಡು ಹಿಡಿದ ಗಾರ್ಡ್ ಸ್ಕ್ರೀನ್ ದಾಟಿ ಪೇಂಟ್‌ಗೆ (ರಿಂಗ್‌ನ ಮುಂದಿನ ಆಯತಕ್ಕೆ) ನುಗ್ಗುತ್ತಾನೆ, ಸೆಂಟರ್ ರಿಂಗ್ ಕಡೆ ಓಡುತ್ತಾನೆ. ಆಚೆ ಬದಿಯ ಕಾರ್ನರ್‌ನಲ್ಲಿ (ಅಂಕಣದ ಮೂಲೆಯಲ್ಲಿ) ಇರುವ ಶೂಟರ್‌ನನ್ನು ಕಾಯುತ್ತಿದ್ದ ಡಿಫೆಂಡರ್ ಈಗ ಒಳಗೆ ಬರಲೇಬೇಕು, ಇಲ್ಲದಿದ್ದರೆ ಲೇಅಪ್ (ರಿಂಗ್ ಹತ್ತಿರದ ಸುಲಭ ಶಾಟ್) ಬಿಟ್ಟುಕೊಟ್ಟಂತೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅಂಕಣದಲ್ಲಿ ಪೇಂಟ್ 16 ಅಡಿ ಅಗಲ, ಕಾರ್ನರ್‌ನ ಥ್ರೀ ಪಾಯಿಂಟ್ ಗೆರೆ ರಿಂಗ್‌ನಿಂದ 22 ಅಡಿ ದೂರ. ಅಂದರೆ ಪೇಂಟ್‌ನ ಅಂಚಿನಲ್ಲಿ ನಿಂತು ಸಹಾಯ ಮಾಡುವವನು ತನ್ನ ಶೂಟರ್ ಬಳಿಗೆ ಮರಳಲು ಕನಿಷ್ಠ 14 ಅಡಿ ಓಡಬೇಕು. ಅದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಒಳ್ಳೆಯ ಶೂಟರ್‌ಗೆ ಚೆಂಡು ಹಿಡಿದು ಬಿಡಲು ಅಷ್ಟು ಹೊತ್ತೂ ಬೇಡ. ಆ ಕೂದಲೆಳೆಯ ಅಂತರವನ್ನು ಯಾರು ಉಳಿಸಿಕೊಳ್ಳುತ್ತಾರೆ, ಯಾರು ಹಾಳು ಮಾಡುತ್ತಾರೆ ಎಂಬುದರ ಮೇಲೆ ಆ ಪೊಸೆಷನ್‌ನ ಫಲ ನಿಂತಿರುತ್ತದೆ.

ಹಾಳಾಗುವ ದಾರಿಗಳು ಬಹಳ. ಗಾರ್ಡ್ ಡ್ರಿಬಲ್ ನಿಲ್ಲಿಸಿ, ಎರಡೂ ಕೈಯಲ್ಲಿ ಚೆಂಡು ಹಿಡಿದು, ತಲೆಯ ಮೇಲಿಂದ ಎಸೆದರೆ ಚೆಂಡು ಗಾಳಿಯಲ್ಲಿ ತೇಲುತ್ತದೆ. ಡಿಫೆಂಡರ್ ಅದನ್ನು ನೋಡಿಕೊಂಡೇ ಹಿಂದಕ್ಕೆ ಓಡುತ್ತಾನೆ. ಅದೇ ಪಾಸನ್ನು ಡ್ರಿಬಲ್‌ನಿಂದ ನೇರವಾಗಿ ಒಂದೇ ಕೈಯಲ್ಲಿ ಕಾರ್ನರ್‌ಗೆ ಹೊಡೆದರೆ ಚೆಂಡನ್ನು ಎರಡೂ ಕೈಗೆ ತೆಗೆದುಕೊಳ್ಳುವ ಸಮಯ ಉಳಿತಾಯವಾಗುತ್ತದೆ. ಪಾಸ್ ಶೂಟರ್‌ನ ಎದೆ ಮತ್ತು ಸೊಂಟದ ನಡುವೆ ಸಿಗಬೇಕು. ಪಾದದ ಹತ್ತಿರ ಬಿದ್ದರೆ ಅವನು ಬಗ್ಗಿ, ಎತ್ತಿ, ಮತ್ತೆ ಸಜ್ಜಾಗುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅಂಕಿಅಂಶದಲ್ಲಿ ಅದೂ ಒಂದು ಪಾಸ್, ಆದರೆ ಆ ಪೊಸೆಷನ್ ಸತ್ತದ್ದು ಅಲ್ಲೇ. ಇನ್ನು ಹಿಡಿಯುವವನ ಜವಾಬ್ದಾರಿ. ಚೆಂಡು ಕೈಗೆ ಬರುವ ಮೊದಲೇ ಮಂಡಿ ಬಾಗಿರಬೇಕು, ಪಾದಗಳು ರಿಂಗ್‌ಗೆ ಸಜ್ಜಾಗಿರಬೇಕು. ಚೆಂಡು ಬಂದಮೇಲೆ ಯೋಚಿಸಲು ಶುರುಮಾಡುವ ಆಟಗಾರ ಎಷ್ಟೇ ಒಳ್ಳೆಯ ಶೂಟರ್ ಆದರೂ ಈ ಜಾಗಕ್ಕೆ ಒದಗುವುದಿಲ್ಲ.

ಸರಿ, ಡಿಫೆಂಡರ್ ಹೇಗೋ ಓಡಿ ಬಂದ ಎನ್ನೋಣ. ಅವನ ಪೂರ್ತಿ ಭಾರ ಮುಂದಕ್ಕೆ ಬರುತ್ತಿದೆ, ಒಂದು ಕೈ ಮೇಲಿದೆ. ಕೊನೆಯ ಎರಡು ಮೂರು ಹೆಜ್ಜೆಗಳನ್ನು ಚಿಕ್ಕದು ಮಾಡಿ ವೇಗ ತಗ್ಗಿಸದಿದ್ದರೆ ಅವನನ್ನು ಒಂದೇ ಡ್ರಿಬಲ್‌ನಲ್ಲಿ ದಾಟಬಹುದು. ದಾಟಿದರೆ ಮತ್ತೊಬ್ಬ ಡಿಫೆಂಡರ್ ಸಹಾಯಕ್ಕೆ ಬರುತ್ತಾನೆ, ಇನ್ನೊಬ್ಬ ಶೂಟರ್ ಖಾಲಿಯಾಗುತ್ತಾನೆ. ರಕ್ಷಣೆಯಲ್ಲಿ ಬಿದ್ದ ಮೊದಲ ಬಿರುಕು ಹೀಗೆ ಎರಡಾಗುತ್ತದೆ, ಮೂರಾಗುತ್ತದೆ. ಚೆಂಡು ಹಿಡಿದವನು ಒಂದು ಸೆಕೆಂಡ್ ಸುಮ್ಮನೆ ನಿಂತರೆ ಸಾಕು, ಐವರು ಡಿಫೆಂಡರ್‌ಗಳೂ ತಮ್ಮ ಜಾಗಕ್ಕೆ ವಾಪಸ್, ಮೊದಲಿಂದ ಶುರುಮಾಡಬೇಕು. ಗ್ರೆಗ್ ಪೊಪೊವಿಚ್ ಕೋಚ್ ಆಗಿದ್ದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಅರ್ಧ ಸೆಕೆಂಡಿನ ನಿಯಮ ಇದಕ್ಕೇ ಇದ್ದದ್ದು. ಚೆಂಡು ಬಂದ ಅರ್ಧ ಸೆಕೆಂಡಿನೊಳಗೆ ಶಾಟ್, ಪಾಸ್ ಇಲ್ಲವೇ ಡ್ರೈವ್ (ಡ್ರಿಬಲ್ ಮಾಡುತ್ತ ರಿಂಗ್ ಕಡೆ ನುಗ್ಗುವುದು), ಮೂರರಲ್ಲಿ ಒಂದು ತೀರ್ಮಾನ ಆಗಿರಬೇಕು. ನಿಸ್ವಾರ್ಥ ಆಟ ಎಂದು ಕರೆಯಬೇಕಾದದ್ದು ಈ ವೇಗದ ತೀರ್ಮಾನವನ್ನು. ಖಾಲಿ ಸಿಕ್ಕ ಶೂಟರ್ ಕೂಡಲೇ ಹೊಡೆದರೆ ಅದೂ ತಂಡಕ್ಕಾಗಿ ಆಡಿದ್ದೇ.

2013–14ರ ಸ್ಪರ್ಸ್ ಇದರ ಅತ್ಯುತ್ತಮ ಮಾದರಿ. ಆ ಋತುವಿನಲ್ಲಿ ತಂಡದ ಒಬ್ಬ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಅತಿ ಹೆಚ್ಚು ಅಂಕ ಗಳಿಸಿದ ಟೋನಿ ಪಾರ್ಕರ್ ಸರಾಸರಿ ಕೇವಲ 16.7. ಆದರೂ 62 ಗೆಲುವು, ಫೈನಲ್‌ನಲ್ಲಿ ಮಯಾಮಿ ಹೀಟ್ ವಿರುದ್ಧ 4–1. ಮೂರನೇ ಪಂದ್ಯದ ಮೊದಲಾರ್ಧದಲ್ಲಿ ಹೊಡೆದ 33 ಶಾಟ್‌ಗಳಲ್ಲಿ 25 ಒಳಗೆ ಬಿದ್ದವು. ಈ ಸಂಖ್ಯೆಗಳನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಒಂದು ವಿಷಯ ಬಿಟ್ಟುಬಿಡುತ್ತಾರೆ. ಆಗಿನ ಹೀಟ್ ಪಿಕ್ ಅಂಡ್ ರೋಲ್ ಬಂದಾಗ ಚೆಂಡು ಹಿಡಿದವನ ಮೇಲೆ ಇಬ್ಬರನ್ನು ಹಾಯಿಸುತ್ತಿದ್ದ ತಂಡ. ಆ ಬಲೆಯಿಂದ ಚೆಂಡು ಹೊರಬಿದ್ದ ಕ್ಷಣದಲ್ಲಿ ಉಳಿದ ಅಂಕಣದಲ್ಲಿ ನಾಲ್ವರ ಎದುರು ಮೂವರು. ಅದೇ ಮೂರನೇ ಪಂದ್ಯದಿಂದ ಬೋರಿಸ್ ಡಿಯಾವ್ ಅವರನ್ನು ಮೊದಲ ಐವರಲ್ಲಿ ಇಳಿಸಿದ್ದರ ಹಿಂದಿನ ಲಾಭ ಅದು. ಆ ಭಾರಿ ಮೈಕಟ್ಟಿನ ಫಾರ್ವರ್ಡ್‌ಗೆ ಗಾರ್ಡ್‌ನಂತೆ ಪಾಸ್ ಕೊಡುವ ಕಣ್ಣಿತ್ತು. ಮೊದಲ ಬಿರುಕನ್ನು ಎದುರಾಳಿಯೇ ಉಚಿತವಾಗಿ ಕೊಟ್ಟಿತ್ತು, ಸ್ಪರ್ಸ್ ಅದನ್ನು ಬೆಳೆಸಿದರು.

ಎದುರಾಳಿ ಹಾಗೆ ಕೊಡದಿದ್ದರೆ? 2024ರ ಫೈನಲ್ ನೋಡಿ. ಡಲ್ಲಾಸ್‌ನ ಲೂಕಾ ಡಾನ್ಚಿಚ್ ಆ ಋತುವಿನಲ್ಲಿ ಪಂದ್ಯಕ್ಕೆ 33.9 ಅಂಕ, 9.8 ಅಸಿಸ್ಟ್ (ನೇರವಾಗಿ ಅಂಕಕ್ಕೆ ದಾರಿಯಾದ ಪಾಸ್) ಗಳಿಸಿದ್ದ ಆಟಗಾರ. ಬೋಸ್ಟನ್ ಸೆಲ್ಟಿಕ್ಸ್ ಅವರ ಮೇಲೆ ಹೆಚ್ಚಾಗಿ ಒಬ್ಬನನ್ನೇ ಬಿಟ್ಟು, ಕಾರ್ನರ್ ಕಾಯುವವರನ್ನು ಜಾಗ ಬಿಟ್ಟು ಕದಲದಂತೆ ನಿಲ್ಲಿಸಿತು. ಮೊದಲ ಪಂದ್ಯದಲ್ಲಿ ಡಾನ್ಚಿಚ್ 30 ಅಂಕ ಹೊಡೆದರು, ಅಸಿಸ್ಟ್ ಒಂದೇ ಒಂದು. ಡಲ್ಲಾಸ್ 89–107ರಲ್ಲಿ ಸೋತಿತು, ಸರಣಿ 4–1ರಲ್ಲಿ ಕೈತಪ್ಪಿತು. ಆ ಒಂದು ಅಸಿಸ್ಟ್ ನೋಡಿ ಅವರನ್ನು ಸ್ವಾರ್ಥಿ ಎನ್ನುವುದು ಶುದ್ಧ ಅನ್ಯಾಯ. ಸಹಾಯಕ್ಕೆ ಯಾರೂ ಬರದಿದ್ದರೆ ಖಾಲಿ ಆಟಗಾರ ಎಲ್ಲಿಂದ ಬರಬೇಕು? ಆಗ ಪಾಸ್ ಮಾಡಿದರೂ ಚೆಂಡು ಹೋಗುವುದು ಡಿಫೆಂಡರ್ ಪಕ್ಕದಲ್ಲೇ ಇರುವವನಿಗೆ. ಇಂಥ ರಕ್ಷಣೆಗೆ ಉತ್ತರ ಬೇರೆ ಇದೆ. ಚೆಂಡಿಲ್ಲದ ನಾಲ್ವರು ತಮ್ಮೊಳಗೇ ಸ್ಕ್ರೀನ್ ಹಾಕಿಕೊಳ್ಳಬೇಕು, ಡಿಫೆಂಡರ್ ಚೆಂಡಿನ ಕಡೆ ತಲೆ ತಿರುಗಿಸಿದ ಕ್ಷಣದಲ್ಲಿ ಅವನ ಬೆನ್ನ ಹಿಂದಿನಿಂದ ರಿಂಗ್‌ಗೆ ಕಟ್ ಮಾಡಬೇಕು, ಅಂದರೆ ಥಟ್ಟನೆ ಓಡಬೇಕು.

ನಿಯಮಗಳ ಪಾತ್ರವೂ ಇಲ್ಲಿ ದೊಡ್ಡದು. 2001–02ಕ್ಕೆ ಮೊದಲು ಎನ್‌ಬಿಎಯಲ್ಲಿ ಝೋನ್ ರಕ್ಷಣೆಗೆ (ಆಟಗಾರನ ಬದಲು ಒಂದು ಜಾಗವನ್ನು ಕಾಯುವುದಕ್ಕೆ) ಅವಕಾಶ ಇರಲಿಲ್ಲ. ಪ್ರತಿಯೊಬ್ಬನೂ ತನ್ನ ಆಟಗಾರನ ಹತ್ತಿರವೇ ಇರಬೇಕಿತ್ತು. ಹಾಗಾಗಿ ಮೂವರನ್ನೋ ನಾಲ್ವರನ್ನೋ ಒಂದು ಬದಿಗೆ ಸರಿಸಿ, ಸ್ಟಾರ್‌ಗೆ ಇನ್ನೊಂದು ಬದಿ ಪೂರ್ತಿ ಬಿಟ್ಟುಕೊಡುವುದು ಲಾಭದ ಆಟವಾಗಿತ್ತು. ಆ ನಿಯಮ ಹೋದಮೇಲೆ, ಪೇಂಟ್‌ನಲ್ಲಿ ಸುಮ್ಮನೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಎಂಬುದನ್ನು ಬಿಟ್ಟರೆ, ರಕ್ಷಣೆ ಚೆಂಡಿನ ಬದಿಗೆ ಬೇಕಾದಂತೆ ವಾಲಬಹುದು. 2004–05ರಿಂದ ಹೊರಭಾಗದಲ್ಲಿ ಕೈಯಿಟ್ಟು ತಡೆಯುವುದಕ್ಕೆ ಬಿಗಿ ಬಂದದ್ದು ಡ್ರೈವ್ ಮಾಡುವವರಿಗೆ ಅನುಕೂಲವಾಯಿತು. ಎರಡೂ ಸೇರಿ ಇಂದಿನ ಆಟ ರೂಪುಗೊಂಡಿದೆ. ಒಳನುಗ್ಗುವುದು ಸುಲಭ, ನುಗ್ಗಿದಮೇಲೆ ಎದುರಿಗೆ ಜನ ಜಾಸ್ತಿ. ಹೊರಗೆ ಬರುವ ಪಾಸ್‌ಗೆ ಬೆಲೆ ಬಂದದ್ದು ಹೀಗೆ.

ಒಬ್ಬನ ಮೇಲೆ ಎಷ್ಟು ಭಾರ ಹೇರಬಹುದು ಎಂಬುದಕ್ಕೂ ಮಿತಿಯಿದೆ. ಯೂಸೇಜ್ ಎಂಬ ಅಳತೆ, ಆಟಗಾರ ಅಂಕಣದಲ್ಲಿದ್ದಾಗ ತಂಡದ ಎಷ್ಟು ಪಾಲು ಪೊಸೆಷನ್‌ಗಳು ಅವನ ಶಾಟ್, ಫ್ರೀ ಥ್ರೋ ಅಥವಾ ಟರ್ನೋವರ್‌ನಿಂದ (ಚೆಂಡು ಎದುರಾಳಿಗೆ ಕಳೆದುಕೊಳ್ಳುವುದರಿಂದ) ಮುಗಿದವು ಎಂದು ಹೇಳುತ್ತದೆ. ಐವರಿಗೂ ಸಮನಾಗಿ ಹಂಚಿದರೆ ತಲಾ ಶೇ 20. ರಸೆಲ್ ವೆಸ್ಟ್‌ಬ್ರೂಕ್ 2016–17ರಲ್ಲಿ ಶೇ 41.7ರ ದಾಖಲೆ ಮಾಡಿದರು, ಸರಾಸರಿ 31.6 ಅಂಕ, 10.7 ರಿಬೌಂಡ್, 10.4 ಅಸಿಸ್ಟ್. ಒಕ್ಲಹೋಮ ಸಿಟಿ 47 ಪಂದ್ಯ ಗೆದ್ದು ಮೊದಲ ಸುತ್ತಿನಲ್ಲೇ ಹೊರಬಿತ್ತು. ಅವರು ಬೆಂಚಿಗೆ ಹೋದ ನಿಮಿಷಗಳಲ್ಲಿ ತಂಡಕ್ಕೆ ದಾಳಿಯೇ ಗೊತ್ತಿರಲಿಲ್ಲ. ಋತುವಿಡೀ ಚೆಂಡು ಮುಟ್ಟದೆ ನಿಂತು ಅಭ್ಯಾಸವಾದವರು ಅವರಿಲ್ಲದ ಕೆಲವೇ ನಿಮಿಷಗಳಲ್ಲಿ ದಿಢೀರನೆ ತೀರ್ಮಾನ ಮಾಡಲಾರರು. ಹಾಗೆಂದು ಸ್ಟಾರ್ ಕೇಂದ್ರಿತ ದಾಳಿಯೇ ಸೋಲುವ ದಾರಿ ಅಲ್ಲ. ಜೇಮ್ಸ್ ಹಾರ್ಡನ್ ಮತ್ತು ಕ್ರಿಸ್ ಪಾಲ್ ಇದ್ದ 2017–18ರ ಹ್ಯೂಸ್ಟನ್ ಅದೇ ದಾರಿಯಲ್ಲಿ 65 ಪಂದ್ಯ ಗೆದ್ದಿತು. ಗೋಲ್ಡನ್ ಸ್ಟೇಟ್ ವಿರುದ್ಧ ಸೋತದ್ದು ಏಳನೇ ಪಂದ್ಯದಲ್ಲಿ, ಅದೂ ಪಾಲ್ ಗಾಯಗೊಂಡು ಹೊರಗಿದ್ದಾಗ. ಇತ್ತ ನಿಕೋಲಾ ಯೋಕಿಚ್ ಅವರಂಥವರು ಈ ಜಗಳವನ್ನೇ ಅರ್ಥಹೀನ ಮಾಡುತ್ತಾರೆ. 2023ರಲ್ಲಿ ಚಾಂಪಿಯನ್ ಆದ ಡೆನ್ವರ್‌ನಲ್ಲಿ ಸ್ಟಾರ್ ಅವರೇ, ಚೆಂಡು ಓಡಿಸುತ್ತಿದ್ದವರೂ ಅವರೇ.

ಇನ್ನೊಂದು ಪಾಸ್ ಮಾಡಬೇಕೋ ಬೇಡವೋ ಎಂಬುದಕ್ಕೆ ಸರಳ ಗಣಿತ ಇದೆ. ಶೇ 36ರಷ್ಟು ಒಳಗೆ ಹಾಕುವ ಶೂಟರ್‌ನ ಥ್ರೀ ಪಾಯಿಂಟ್‌ಗೆ ಸರಾಸರಿ ಬೆಲೆ 1.08 ಅಂಕ. ಎರಡೇ ಅಂಕ ಸಿಗುವ ಮಧ್ಯದೂರದಿಂದ ಶೇ 42 ಹೊಡೆದರೂ ಸಿಗುವುದು 0.84. ಈಗ ನಿಮ್ಮ ಕೈಯಲ್ಲಿರುವ ಶಾಟ್ 1.00 ಅಂಕದ್ದು, ಪಕ್ಕದವನದು 1.15 ಅಂಕದ್ದು, ಪಾಸ್ ಕಳೆದುಹೋಗುವ ಸಾಧ್ಯತೆ ಶೇ 5 ಎಂದುಕೊಳ್ಳಿ. 1.15ರ ಶೇ 95 ಅಂದರೆ ಸುಮಾರು 1.09, ಪಾಸ್ ಮಾಡಿ. ಪಕ್ಕದವನದು 1.04 ಮಾತ್ರ ಆಗಿದ್ದರೆ ಪಾಸ್ ನಷ್ಟದ ವ್ಯವಹಾರ. ಕಾರ್ನರ್‌ನಲ್ಲಿ ಖಾಲಿ ಸಿಕ್ಕ ಒಳ್ಳೆಯ ಶೂಟರ್ ಇನ್ನೂ ಒಳ್ಳೆಯದಕ್ಕೆ ಆಸೆಪಟ್ಟು ಚೆಂಡು ದಾಟಿಸುವುದು ಬಹಳ ತಂಡಗಳ ರೋಗ. ಹೊರಗಿನಿಂದ ತ್ಯಾಗದಂತೆ ಕಾಣುತ್ತದೆ, ನಿಜದಲ್ಲಿ ಅಂಜಿಕೆ.

ಅಭ್ಯಾಸದಲ್ಲಿ ಇದನ್ನು ಕೂರಿಸುವುದು ಹೇಗೆ? ನಾಲ್ವರ ಎದುರು ನಾಲ್ವರನ್ನು ಬಿಟ್ಟು, ಒಬ್ಬ ಡಿಫೆಂಡರ್ ಒಂದು ಹೆಜ್ಜೆ ಹಿಂದಿನಿಂದ ಶುರುಮಾಡಲಿ. ಬಿರುಕು ಮೊದಲೇ ಇದೆ. ಅದನ್ನು ಮುಚ್ಚಲು ಬಿಡದಿರುವುದೇ ದಾಳಿಯವರ ಕೆಲಸ. ಶಾಟ್ ಕ್ಲಾಕ್ 14ಕ್ಕೆ ಇಡಿ. ಚೆಂಡು ಹಿಡಿದು ಸುಮ್ಮನೆ ನಿಂತರೆ ಟರ್ನೋವರ್. ಚೆಂಡು ಒಮ್ಮೆಯೂ ಪೇಂಟ್ ಮುಟ್ಟದೆ ಬಂದ ಅಂಕಕ್ಕೆ ಲೆಕ್ಕವಿಲ್ಲ. ಡ್ರಿಬಲ್ ಪೂರ್ತಿ ನಿಷೇಧಿಸುವ ಅಭ್ಯಾಸ ಜನಪ್ರಿಯ, ಆದರೆ ಅದು ತಪ್ಪು ಪಾಠ ಕಲಿಸುತ್ತದೆ. ಡ್ರೈವ್‌ನ ಭಯವಿಲ್ಲದ ರಕ್ಷಣೆ ಪಾಸ್‌ನ ದಾರಿಗಳಲ್ಲೇ ಬಂದು ನಿಲ್ಲುತ್ತದೆ. ಎರಡು ಡ್ರಿಬಲ್‌ಗೆ ಮಿತಿ ಹಾಕಿದರೆ ಸಾಕು. ಆಟಗಾರರ ನಡುವೆ 15ರಿಂದ 18 ಅಡಿ ಅಂತರ ಇರಲಿ, ಅದಕ್ಕಿಂತ ಹತ್ತಿರವಾದರೆ ಒಬ್ಬ ಡಿಫೆಂಡರ್ ಇಬ್ಬರನ್ನು ಕಾಯುತ್ತಾನೆ. ರಿಂಗ್‌ನ ಹಿಂದಿನ ಗೆರೆಯಾದ ಬೇಸ್‌ಲೈನ್ ಕಡೆಗೆ ಡ್ರೈವ್ ಆದರೆ ಆಚೆ ಬದಿಯವನು ಕಾರ್ನರ್‌ಗೆ ಇಳಿಯಬೇಕು. ಮಧ್ಯಕ್ಕೆ ಡ್ರೈವ್ ಆದರೆ ಹಿಂದಿದ್ದವನು ಡ್ರೈವ್ ಮಾಡಿದವನ ಜಾಗಕ್ಕೆ ಬರಬೇಕು. ಡ್ರೈವ್ ನಡೆಯುತ್ತಿರುವ ದಾರಿಗೇ ಕಟ್ ಮಾಡುವವನು ತನ್ನ ಡಿಫೆಂಡರ್‌ನನ್ನು ಸಹಾಯಕ್ಕೆ ಕರೆತಂದಂತೆ.

ಲೀಗ್ ಹಂತದ ನಂತರದ ನಾಕೌಟ್ ಸರಣಿಗಳಾದ ಪ್ಲೇಆಫ್‌ನಲ್ಲಿ ಮತ್ತೊಂದು ಕಷ್ಟ ಎದುರಾಗುತ್ತದೆ. ಎದುರಾಳಿ ಪ್ರತಿ ಸ್ಕ್ರೀನ್‌ಗೂ ಸ್ವಿಚ್ ಮಾಡಿ, ಅಂದರೆ ತಮ್ಮ ಆಟಗಾರರನ್ನು ಅದಲುಬದಲು ಮಾಡಿಕೊಂಡು, ಬಿರುಕು ಹುಟ್ಟದಂತೆ ನೋಡಿಕೊಳ್ಳುತ್ತದೆ. ಸುಂದರವಾಗಿ ಓಡುತ್ತಿದ್ದ ಚೆಂಡು ಅಲ್ಲಿಗೆ ಸಪ್ಪೆಯಾಗುತ್ತದೆ. ಆಗ ನಿಧಾನದ ಡಿಫೆಂಡರ್‌ನ ಎದುರು ಸ್ಟಾರ್‌ನನ್ನು ಒಂಟಿಯಾಗಿ ಬಿಡುವುದೇ ಸರಿಯಾದ ತಂಡದ ಆಟ. ಸಮಯ ಮಾತ್ರ ತಪ್ಪಬಾರದು. ಹೆಚ್ಚಿನ ತಂಡಗಳು ಚೆಂಡನ್ನು ಅಲ್ಲಿ ಇಲ್ಲಿ ಓಡಿಸಿ, ಏನೂ ಆಗದೆ, 4 ಸೆಕೆಂಡ್ ಉಳಿದಾಗ ಸ್ಟಾರ್ ಕೈಗೆ ತಳ್ಳುತ್ತವೆ. ನಾಲ್ಕರಲ್ಲಿ ಅವನಿಗೆ ಉಳಿಯುವುದು ಕಷ್ಟದ ಶಾಟ್ ಒಂದೇ. ಆಮೇಲೆ ಆ ಶಾಟ್‌ಗೆ ಅವನನ್ನೇ ಬೈಯುತ್ತೇವೆ. ಚೆಂಡು 9 ಅಥವಾ 8 ಸೆಕೆಂಡ್ ಇರುವಾಗಲೇ ಅವನಿಗೆ ತಲುಪಿದರೆ, ಸ್ಕ್ರೀನ್ ಕರೆಯಲು ಎರಡು ಸೆಕೆಂಡ್, ಒಳನುಗ್ಗಲು ಎರಡು ಸೆಕೆಂಡ್ ಹೋದರೂ ಇಬ್ಬರು ಮೇಲೆರಗಿದಾಗ ಕಾರ್ನರ್‌ಗೆ ಒಂದು ಪಾಸ್, ಅಲ್ಲಿಂದ ಮತ್ತೊಂದು ಪಾಸ್‌ಗೆ ಹೊತ್ತು ಉಳಿದಿರುತ್ತದೆ.