ಕೊಳ್ಳುವ ಮೊದಲು ಒಂದು ಪುಟ ಜೋರಾಗಿ ಓದಿ

ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ನನಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಮಗಳು ಐದನೇ ಕ್ಲಾಸಿಗೆ ಬಂದ್ಲು. ಕನ್ನಡದಲ್ಲಿ ಯಾವ ಪುಸ್ತಕ ಕೊಡಿಸ್ಲಿ? ಏನಾದ್ರೂ ನೀತಿ ಇರೋದು ಹೇಳಿ." ಸಾಗರದ ಒಂದು ಶಾಲೆಯಲ್ಲಿ 16 ವರ್ಷದಿಂದ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ. ಹೀಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: "ಅವಳು ಈಗ ಏನು ಓದ್ತಿದಾಳೆ?" ಎಷ್ಟೋ ಜನಕ್ಕೆ ಅದು ಗೊತ್ತಿರುವುದಿಲ್ಲ.

9ರಿಂದ 12 ವರ್ಷದ ನಡುವೆಯೇ ಮಕ್ಕಳು ಕನ್ನಡದ ಓದನ್ನು ಬಿಡುವುದನ್ನು ನಾನು ನೋಡಿದ್ದೇನೆ. ಮೂರನೇ ಕ್ಲಾಸಿನವರೆಗೆ ಚಿತ್ರದ ಪುಸ್ತಕಕ್ಕೆ ಕಿತ್ತಾಡುತ್ತಾರೆ. ಐದಕ್ಕೆ ಬರುವಾಗ ಅದು "ಸಣ್ಣೋರದ್ದು" ಆಗಿಬಿಡುತ್ತದೆ. ದೊಡ್ಡವರ ಕಾದಂಬರಿ ಇನ್ನೂ ಕೈಗೆಟಕುವುದಿಲ್ಲ. ಆಗ ನಾವು ಕೊಡುವುದೇನು? ಮಹಾಪುರುಷರ ಜೀವನ, ನೀತಿಕಥೆ, ಕ್ವಿಜ್ ಪುಸ್ತಕ. ಅವೆಲ್ಲ ಇರಲಿ. ಆದರೆ ಈ ವಯಸ್ಸಿನ ಮಗುವಿಗೆ ಬೇಕಾಗಿರುವುದು ತನ್ನಷ್ಟೇ ದೊಡ್ಡ ಹುಡುಗನೋ ಹುಡುಗಿಯೋ ಏನನ್ನಾದರೂ ತಾನೇ ನಿರ್ಧರಿಸಿ, ತಪ್ಪು ಮಾಡಿ, ತಾನೇ ದಾರಿ ಹುಡುಕುವ ಕಥೆ.

ಅಂಗಡಿಯಲ್ಲಿ ಪುಸ್ತಕ ಹಿಡಿದಾಗ ಬೆನ್ನುಡಿ ನೋಡಬೇಡಿ. ನಡುವಿನ ಒಂದು ಪುಟ ತೆಗೆದು ಜೋರಾಗಿ ಓದಿ. ನಾಲಿಗೆ ತೊಡರಿದರೆ ಅಲ್ಲೇ ಇಟ್ಟುಬಿಡಿ. ಅನುವಾದದ ಪುಸ್ತಕಗಳಲ್ಲಂತೂ ಇದು ತಕ್ಷಣ ಗೊತ್ತಾಗುತ್ತದೆ. "ಅವನಿಂದ ಬಾಗಿಲು ತೆರೆಯಲ್ಪಟ್ಟಿತು" ಅಂತ ಕನ್ನಡದಲ್ಲಿ ಯಾರೂ ಕಥೆ ಹೇಳುವುದಿಲ್ಲ. ಮಾತುಕತೆ ಇರುವ ಪುಟವಾದರೆ ಇನ್ನೂ ಒಳ್ಳೆಯದು. "ಅಮ್ಮಾ, ನಾನು ಆಟವಾಡಲು ತೆರಳುತ್ತಿರುವೆನು" ಅನ್ನುವ ಮಗು ನಿಮ್ಮ ಬೀದಿಯಲ್ಲಿ ಇದೆಯಾ? ಹಾಗೆ ಮಾತಾಡುವ ಪಾತ್ರವನ್ನು ಮಕ್ಕಳು ನಂಬುವುದಿಲ್ಲ. ನಂಬಿಕೆ ಹೋದರೆ ಪುಟ ತಿರುಗುವುದಿಲ್ಲ.

ಆಮೇಲೆ ಅಕ್ಷರ ನೋಡಿ. ಇದನ್ನು ನನಗೆ ಕಲಿಸಿದ್ದು ಆರನೇ ಕ್ಲಾಸಿನ ಒಬ್ಬ ಹುಡುಗ. ಸಾಹಸದ ಕಥೆ ಬೇಕು ಅಂತ ತಾನೇ ಕೇಳಿ ಒಯ್ಯುತ್ತಿದ್ದ, ಮರುದಿನವೇ ವಾಪಸ್ ತರುತ್ತಿದ್ದ. ಮೂರು ಸಲ ಹೀಗೇ ಆಯಿತು. ಆಸಕ್ತಿ ಇಲ್ಲ ಅಂದುಕೊಂಡೆ. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಸಾಲಿನ ಕೊನೆಗೆ ಬಂದವನು ಮತ್ತೆ ಅದೇ ಸಾಲಿನ ಮೊದಲಿಗೆ ಹೋಗುತ್ತಿದ್ದ. ಪುಸ್ತಕದಲ್ಲಿ ಸಾಲುಗಳು ಒತ್ತೊತ್ತಾಗಿದ್ದವು. ಮೇಲಿನ ಸಾಲಿನ "ಶಾಸ್ತ್ರಿ"ಯ ಒತ್ತು ಕೆಳಗಿನ ಸಾಲಿನ "ಕೀ"ಯ ಗುಡಿಸಿಗೆ ತಾಗುತ್ತಿತ್ತು. ಅಡಿಪಟ್ಟಿ ಇಟ್ಟುಕೊಟ್ಟೆ. ಸರಾಗವಾಗಿ ಎರಡು ಪುಟ ಓದಿದ. ಅವನಿಗೆ ಓದು ಕಷ್ಟವಾಗಿರಲಿಲ್ಲ, ಮುದ್ರಣ ಕಷ್ಟವಾಗಿತ್ತು. ಕನ್ನಡದಲ್ಲಿ ಅಕ್ಷರಕ್ಕೆ ಮೇಲೂ ಜಾಗ ಬೇಕು, ಕೆಳಗೂ ಬೇಕು. ಒತ್ತಕ್ಷರ ಬಂದ ಮೇಲೂ ಎರಡು ಸಾಲಿನ ನಡುವೆ ಬಿಳಿ ಉಳಿದಿದೆಯಾ, ಅಷ್ಟು ನೋಡಿ. ಪುಟ ಉಳಿಸಲು ಅಕ್ಷರ ಕಿರಿದು ಮಾಡಿದ ಪುಸ್ತಕ ಅಗ್ಗವಾಗಿ ಸಿಕ್ಕರೂ ಬೇಡ.

ಪುಸ್ತಕ ಮಗುವಿಗೆ ಕಷ್ಟವಾ ಅಂತ ತಿಳಿಯಲು ಐದು ಬೆರಳಿನ ಲೆಕ್ಕ ಒಂದಿದೆ. ಒಂದು ಪುಟ ಓದುತ್ತಾ ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚುವುದು. ಐದೂ ಮಡಚಿದರೆ ಆ ಪುಸ್ತಕಕ್ಕೆ ಇನ್ನೂ ಕಾಲ ಬಂದಿಲ್ಲ. ನಾನು ಇದಕ್ಕೆ ಒಂದು ವಿನಾಯಿತಿ ಕೊಡುತ್ತೇನೆ. ಬೇರೆ ಸೀಮೆಯ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮಲೆನಾಡಿನ ಮಕ್ಕಳಿಗೆ ಧಾರವಾಡದ ಕಡೆಯ "ಹೊಂಟೇನಿ" ಹೊಸದು, ಆದರೆ ಕಥೆ ಬಿಸಿಯಾಗಿದ್ದರೆ ಅರ್ಥ ತಾನಾಗೇ ಆಗುತ್ತದೆ, ಎರಡು ದಿನ ಆ ಮಾತನ್ನೇ ಆಡಿಕೊಂಡು ಓಡಾಡುತ್ತಾರೆ. ತೊಡಕಾಗುವುದು "ತತ್ಪರಿಣಾಮವಾಗಿ", "ಏತನ್ಮಧ್ಯೆ" ಇಂಥವು. ಇಂಗ್ಲಿಷ್ ಮೀಡಿಯಂ ಮಕ್ಕಳ ಕನ್ನಡ ಓದು ಒಂದೆರಡು ಕ್ಲಾಸು ಹಿಂದೆ ಇರಬಹುದು. ಅವರಿಗೆ ಸುಲಭದ ಕನ್ನಡ ಕೊಡಿ, ಆದರೆ ಮೊಲ ಆಮೆಯ ಕಥೆ ಕೊಡಬೇಡಿ. ಹನ್ನೊಂದು ವರ್ಷದವಳಿಗೆ ಅದು ಅವಮಾನ ಅನ್ನಿಸುತ್ತದೆ.

ದುಃಖದ ಕಥೆ ಬೇಡ ಅನ್ನುವ ಅಪ್ಪ ಅಮ್ಮಂದಿರು ತುಂಬ ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮೂರಿನ ಹಲವು ಮಕ್ಕಳ ಅಜ್ಜ ಅಜ್ಜಿಯರ ಮನೆ, ತೋಟ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಅಡಿಯಲ್ಲಿದೆ. ನೀರು ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಮಕ್ಕಳು ಹೋಗಿ ನೋಡಿ ಬರುತ್ತಾರೆ. ಮನೆಯಲ್ಲಿ ಆ ಮಾತು ಬಂದಾಗ ದೊಡ್ಡವರು ಸುಮ್ಮನಾಗುವುದನ್ನೂ ಅವರು ಗಮನಿಸಿರುತ್ತಾರೆ. ಇದೇ ಸಾಗರದಲ್ಲಿದ್ದ ನಾ. ಡಿಸೋಜಾ ಅವರು ಮಕ್ಕಳಿಗಾಗಿ "ಮುಳುಗಡೆಯ ಊರಿಗೆ ಬಂದವರು" ಬರೆದರು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮನೆಯವರು ಹೇಳದೆ ಉಳಿಸಿದ ಮಾತಿನ ಹತ್ತಿರ ಇಂಥ ಪುಸ್ತಕ ಮಗುವನ್ನು ಕರೆದುಕೊಂಡು ಹೋಗುತ್ತದೆ. ಅದನ್ನು ಕಿತ್ತುಕೊಳ್ಳುವುದು ಯಾಕೆ?

ಆ ಪುರಸ್ಕಾರ 2010ರಿಂದ ಪ್ರತಿ ವರ್ಷ ಕನ್ನಡಕ್ಕೂ ಬರುತ್ತಿದೆ. ಎಲ್ಲಿಂದ ಹುಡುಕುವುದು ಅನ್ನುವವರಿಗೆ ಆ ಪಟ್ಟಿ ಒಳ್ಳೆಯ ಶುರು. ಪಕ್ಕದ ಸಿದ್ದಾಪುರದ ತಮ್ಮಣ್ಣ ಬೀಗಾರರ "ಬಾವಲಿ ಗುಹೆ" 2022ರಲ್ಲಿ ಅಲ್ಲಿಗೆ ಸೇರಿದ ಕಾದಂಬರಿ. ಉದ್ದ ಓದಲು ಕೂರದ ಮಗುವಿಗೆ ಅನುಪಮಾ ನಿರಂಜನರ "ದಿನಕ್ಕೊಂದು ಕಥೆ" ಇದೆ, ತಿಂಗಳಿಗೊಂದರಂತೆ 12 ಸಂಪುಟ. ಎಲ್ಲವನ್ನೂ ಕೊಳ್ಳಬೇಕಿಲ್ಲ. ಹಳ್ಳಿಯ ಪಂಚಾಯಿತಿ ಲೈಬ್ರರಿಗಳಲ್ಲಿ 2020ರ "ಓದುವ ಬೆಳಕು" ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಓದಬಹುದು, ಅಲ್ಲಿ ಓದಿನ 4 ಹಂತಗಳನ್ನೂ ಗುರುತು ಮಾಡಿದ್ದಾರೆ.

ವಿಜ್ಞಾನದ ಪುಸ್ತಕಕ್ಕೆ ಒಂದೇ ಪರೀಕ್ಷೆ: ಸೌರಮಂಡಲದ ಪುಟ ತೆಗೆಯಿರಿ. ಪ್ಲೂಟೊವನ್ನೂ ಸೇರಿಸಿ 9 ಗ್ರಹ ಅಂತಿದ್ದರೆ ಅದನ್ನು 2006ರಿಂದ ಈಚೆಗೆ ಯಾರೂ ತಿದ್ದಿಲ್ಲ.

ಇಷ್ಟು ನೋಡಿ ತಂದ ಪುಸ್ತಕವನ್ನೂ ಮಗು ಅರ್ಧಕ್ಕೆ ಬಿಡಬಹುದು. ಬಿಡಲಿ. "ದುಡ್ಡು ಕೊಟ್ಟಿದೀವಿ, ಮುಗಿಸು" ಅಂದರೆ ಮುಂದಿನ ಪುಸ್ತಕವನ್ನು ಅದು ಕೈಯಲ್ಲೇ ಮುಟ್ಟುವುದಿಲ್ಲ. ನಮ್ಮ ರಿಜಿಸ್ಟರ್‌ನಲ್ಲಿ "ಎಷ್ಟನೇ ಪುಟಕ್ಕೆ ಬಿಟ್ಟೆ?" ಅಂತ ಒಂದು ಕಾಲಂ ಹಾಕಿದ್ದೇನೆ. ಯಾಕೆ ಅಂತ ಕೇಳುವುದಿಲ್ಲ, ಬೈಯುವುದಿಲ್ಲ, ಪುಟದ ನಂಬರ್ ಬರೆದು ಬೇರೆ ಪುಸ್ತಕ ತಗೊಳ್ಳಬಹುದು. ಒಮ್ಮೆ ಒಂದೇ ಕಾದಂಬರಿಯನ್ನು ನಾಲ್ಕು ಮಕ್ಕಳು 31, 32ನೇ ಪುಟದಲ್ಲೇ ಬಿಟ್ಟಿದ್ದರು. ತೆಗೆದು ನೋಡಿದೆ. ಕಾಡಿಗೆ ಹೊರಟ ಹುಡುಗರನ್ನು ನಿಲ್ಲಿಸಿ ಮೇಷ್ಟ್ರು ಪರಿಸರ ರಕ್ಷಣೆಯ ಬಗ್ಗೆ ಮೂರು ಪುಟ ಭಾಷಣ ಮಾಡುತ್ತಿದ್ದರು. ಅಂದಿನಿಂದ ನೀತಿ ಇರುವ ಪುಸ್ತಕ ಕೇಳಿದವರಿಗೆ ಆ ರಿಜಿಸ್ಟರನ್ನೇ ತೋರಿಸುತ್ತೇನೆ.

ಈ ಜೂನ್‌ನಲ್ಲಿ ಹಾಗೆ ಕೇಳಿದ ಒಬ್ಬ ಅಮ್ಮನಿಗೂ ತೋರಿಸಿದೆ. ಮಗಳನ್ನೇ ಕಳಿಸಿ ಅಂದೆ. ಬಂದಳು. ಚಾಪೆಯ ಮೇಲೆ ಆರು ಪುಸ್ತಕ ಹರಡಿದೆ. ಒಂದೊಂದನ್ನೂ ನಡುವಿನಿಂದ ತೆಗೆದು, ತುಟಿ ಆಡಿಸುತ್ತಾ ಓದಿ, "ಬಾವಲಿ ಗುಹೆ" ಒಯ್ದಳು. ಎಂಟು ದಿನವಾಯಿತು. ಅವಳ ಹೆಸರಿನ ಮುಂದೆ ಪುಟದ ಕಾಲಂ ಇನ್ನೂ ಖಾಲಿ ಇದೆ.