ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್ ಅಂದರೇನು?

ಕೆಂಪು ಪಟ್ಟಿ, ಅದರೊಳಗೆ ದಪ್ಪನೆಯ, ಬಲಕ್ಕೆ ವಾಲಿದ ಬಿಳಿ ಇಂಗ್ಲಿಷ್ ಅಕ್ಷರಗಳು. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಅವರ ಪೋಸ್ಟರ್‌ಗಳು ಕಣ್ಣಿಗೆ ಕಟ್ಟಿದ ಹಾಗೆ ಉಳಿಯುವುದು ಇದರಿಂದಲೇ. ಅವರು ಹೆಚ್ಚಾಗಿ ಬಳಸಿದ ಫಾಂಟ್ ಫ್ಯೂಚುರಾ ಬೋಲ್ಡ್ ಆಬ್ಲೀಕ್. ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್ ಗುಂಪಿಗೆ ಇದು ಒಳ್ಳೆಯ ಉದಾಹರಣೆ.

ಅಕ್ಷರದ ಗೆರೆ ಮುಗಿಯುವಲ್ಲಿ ಇರುವ ಸಣ್ಣ ಚಾಚು ಸೆರಿಫ್. ಅದಿಲ್ಲದ್ದು ಸ್ಯಾನ್ಸ್ ಸೆರಿಫ್. ಇಂಥ ಅಚ್ಚಿನ ಮೊಳೆ 1816ರ ಹೊತ್ತಿಗೆ ಮೊಳೆ ಎರಕ ಹೊಯ್ಯುವ ಲಂಡನ್ನಿನ ಕ್ಯಾಸ್ಲನ್ ಫೌಂಡ್ರಿಯ ಮಾದರಿ ಪುಸ್ತಕದಲ್ಲಿ ಬಂತು, ಬರೀ ಕ್ಯಾಪಿಟಲ್ ಅಕ್ಷರಗಳಲ್ಲಿ. ಬೋಲ್ಡ್ ಅಂದರೆ ದಪ್ಪ ಗೆರೆ. ಇಟಾಲಿಕ್, ಅಂದರೆ ವಾಲಿದ ಅಕ್ಷರ, ಇನ್ನೂ ಹಳೆಯದು. 1501ರಲ್ಲಿ ವೆನಿಸ್‌ನ ಆಲ್ಡಸ್ ಮನುಷಿಯಸ್ ಇಡೀ ಪುಸ್ತಕವನ್ನೇ ಇಟಾಲಿಕ್‌ನಲ್ಲಿ ಅಚ್ಚು ಹಾಕಿದ್ದರು. ಒತ್ತಿ ಹೇಳೋಕೆ ಇಟಾಲಿಕ್ ಅನ್ನುವ ರೂಢಿ ಬಂದದ್ದು ಆಮೇಲೆ.

ಸ್ಯಾನ್ಸ್ ಸೆರಿಫ್‌ನಲ್ಲಿ ವಾಲಿಸುವ ರೀತಿ ಎರಡು. ಗಿಲ್ ಸ್ಯಾನ್ಸ್ ಎಂಬ ಫಾಂಟ್‌ನಲ್ಲಿ ವಾಲಿದಾಗ ಇಂಗ್ಲಿಷಿನ ಚಿಕ್ಕ 'ಎ' (a) ಅಕ್ಷರದ ರೂಪವೇ ಬದಲಾಗುತ್ತದೆ. ಅದು ನಿಜವಾದ ಇಟಾಲಿಕ್. ಹೆಲ್ವೆಟಿಕಾದಲ್ಲಿ ಅದೇ ರೂಪ ಸುಮಾರು 12 ಡಿಗ್ರಿ ವಾಲುತ್ತದೆ; ಅದು ಆಬ್ಲೀಕ್. ಹಾಗಂತ ಸುಮ್ನೆ ತಳ್ಳಿದರೆ ಆಗುವುದಿಲ್ಲ. ಇಂಗ್ಲಿಷಿನ 'ಓ' ಅಕ್ಷರವನ್ನು ಕಂಪ್ಯೂಟರ್‌ನಲ್ಲಿ ಬಲಕ್ಕೆ ಎಳೆದು ನೋಡಿ. ಮೇಲಿನ ಬಲ ಮೂಲೆ ಮತ್ತು ಕೆಳಗಿನ ಎಡ ಮೂಲೆ ಉಬ್ಬುತ್ತವೆ, ಉಳಿದೆರಡು ಸೊರಗುತ್ತವೆ. ಗೆರೆ ದಪ್ಪ ಇದ್ದಷ್ಟೂ ಈ ಊನ ಜಾಸ್ತಿ ಕಾಣುತ್ತದೆ. ಒಳ್ಳೆಯ ಫಾಂಟ್‌ನಲ್ಲಿ ಇದನ್ನು ಒಂದೊಂದೇ ಅಕ್ಷರದಲ್ಲಿ ತಿದ್ದಿರುತ್ತಾರೆ. ನಾವು ದುಡ್ಡು ಕೊಡುವುದು ಆ ತಿದ್ದುಪಡಿಗೇ ಅನ್ನಬಹುದು.

ಇಂಥ ಫಾಂಟ್ ಇರುವುದು ಡಿಸ್‌ಪ್ಲೇಗೆ, ಅಂದರೆ ದೊಡ್ಡ ಗಾತ್ರದ ಬಳಕೆಗೆ: ಹೆಡ್‌ಲೈನ್, ಪೋಸ್ಟರ್, ಜೆರ್ಸಿ. ಇಲ್ಲಿ ಅಕ್ಷರಗಳ ನಡುವಿನ ಜಾಗ ಬಿಗಿ. ವಾಲಿದ ದಪ್ಪ ಅಕ್ಷರಕ್ಕೆ ಓಟದ ಗುಣ ಬರುತ್ತದೆ, ಅದಕ್ಕೇ ಆಟೋಟದ ಕಂಪನಿಗಳಿಗೆ ಇದು ಇಷ್ಟ. ಇದರಲ್ಲೇ ಎರಡು ಪ್ಯಾರಾ ಓದಿಸಿದರೆ ಮಾತ್ರ ಕಣ್ಣು ಸೋಲುತ್ತದೆ.

ಕನ್ನಡದ ಕಥೆಯೇ ಬೇರೆ. ನಮ್ಮ ಲಿಪಿಗೆ ಇಟಾಲಿಕ್ ಪರಂಪರೆ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ, ವಾಲಿದ ರೂಪವಿಲ್ಲ. ಆದರೂ ಇಟಾಲಿಕ್ ಬಟನ್ ಒತ್ತಿದರೆ ಸಾಫ್ಟ್‌ವೇರ್ ಬೇಡ ಅನ್ನುವುದಿಲ್ಲ, ತಾನೇ ಬಾಗಿಸಿ ಕೊಡುತ್ತದೆ. ನಮ್ಮವು ಹೆಚ್ಚಿನವು ದುಂಡಗಿನ ಅಕ್ಷರಗಳು ಅಲ್ವಾ? ಇಂಗ್ಲಿಷಿನ 'ಓ' ಅಕ್ಷರಕ್ಕೆ ಆದದ್ದೇ ಇಲ್ಲಿ ಸಾಲಿಡೀ ಆಗುತ್ತದೆ. ಒತ್ತಕ್ಷರ ಎಡಕ್ಕೆ ಜಾರುತ್ತದೆ, ತಲೆಕಟ್ಟು ಬಲಕ್ಕೆ ಹೋಗುತ್ತದೆ. ಫ್ಲೆಕ್ಸ್ ಬ್ಯಾನರ್‌ಗಳಲ್ಲಿ ಇದು ಧಾರಾಳವಾಗಿ ಕಾಣಸಿಗುತ್ತದೆ.

ಕನ್ನಡ ಹೆಡ್‌ಲೈನ್‌ಗೆ ಜೋರು ಬೇಕಿದ್ದರೆ 'ಬಾಲೂ ತಮ್ಮ' ಎಂಬ ಫಾಂಟ್‌ನಂಥ, ದಪ್ಪವಾಗಿಯೇ ಬರೆದ ಫಾಂಟ್ ತೆಗೆದುಕೊಂಡು ನೆಟ್ಟಗೆ ನಿಲ್ಲಿಸಿ. ಇಂಗ್ಲಿಷ್‌ಗಾದರೆ, ಫಾಂಟ್ ಜೊತೆ ಬೋಲ್ಡ್ ಇಟಾಲಿಕ್ ಅಥವಾ ಬೋಲ್ಡ್ ಆಬ್ಲೀಕ್ ಬಂದಿದೆಯೇ ಎಂದು ಮೊದಲು ನೋಡಿಕೊಳ್ಳಿ.